ಮೃಗಾಲಯದ ವಾನರಗಳಿಗೆ ದೂರದರ್ಶನ: ಉಪಯೋಗ, ಮಿತಿ ಮತ್ತು ಸಾರ್ವಜನಿಕರ ಪಾತ್ರ

ಮೃಗಾಲಯದಲ್ಲಿರುವ ಚಿಂಪಾಂಜಿ, ಗೊರಿಲ್ಲಾ, ಒರಾಂಗುಟಾನ್‌ಗಳ ಬೇಸರ ನೀಗಿಸಲು ದೂರದರ್ಶನ (ಟಿ.ವಿ.) ಅಳವಡಿಸಬಹುದೇ, ಅದನ್ನು ಸಾರ್ವಜನಿಕರು ಕೊಡುಗೆಯಾಗಿ ನೀಡಬಹುದೇ ಎಂಬ ಪ್ರಶ್ನೆ ಪ್ರಾಣಿಪ್ರಿಯರಲ್ಲಿ ಮೂಡುವುದು ಸಹಜ. ಪ್ರಾಣಿ ದತ್ತು ಯೋಜನೆಗೆ ಅರ್ಜಿ ಸಲ್ಲಿಸಬಯಸುವ ಹಾಗೂ ಮೃಗಾಲಯಕ್ಕೆ ಭೇಟಿ ನೀಡುವ ನಾಗರಿಕರ ತಿಳಿವಳಿಕೆಗಾಗಿ ಈ ವಿಷಯವನ್ನು ಕೆಳಗಿನಂತೆ ವಿವರಿಸಲಾಗಿದೆ. ಇಲ್ಲಿ ‘ವಾನರ’ ಎಂಬ ಪದವನ್ನು ಬಾಲವಿಲ್ಲದ ದೊಡ್ಡ ಜಾತಿಗಳಿಗೆ ಮಾತ್ರ ಬಳಸಲಾಗಿದೆ. ನಮ್ಮ ಊರುಗಳಲ್ಲಿ ಕಾಣಸಿಗುವ ಮಂಗ ಮತ್ತು ಮುಸುವಗಳು ಈ ಗುಂಪಿಗೆ ಸೇರುವುದಿಲ್ಲ.

1. ಆಹಾರ, ಆಶ್ರಯಗಳಷ್ಟೇ ಸಾಲದೇಕೆ?

ಬೆಂಗಳೂರು ಉತ್ತರ ಭಾಗದ ಹೆಸರಘಟ್ಟದಲ್ಲಿ ಜಾನುವಾರು ಮತ್ತು ಕುಕ್ಕುಟ ಸಂವರ್ಧನಾ ಕೇಂದ್ರಗಳು ಬಹುಕಾಲದಿಂದ ಇರುವುದರಿಂದ, ಸಾಕುಪ್ರಾಣಿಗೆ ಮೇವು, ನೀರು, ನೆರಳು ಮತ್ತು ಚಿಕಿತ್ಸೆ ಎಷ್ಟು ಮುಖ್ಯವೆಂಬುದನ್ನು ಅಲ್ಲಿನ ನಾಗರಿಕರಿಗೆ ವಿವರಿಸಬೇಕಾಗಿಲ್ಲ. ಮೃಗಾಲಯದ ವಾನರಗಳಿಗೂ ಇವೆಲ್ಲ ಬೇಕು. ಆದರೆ ಇವಿಷ್ಟೇ ಸಾಲದು. ಕಾಡಿನಲ್ಲಿ ವಾನರವು ಹಗಲಿನ ಬಹುಪಾಲನ್ನು ಆಹಾರ ಹುಡುಕುವುದರಲ್ಲಿ, ತಿನ್ನುವುದರಲ್ಲಿ ಮತ್ತು ಅಲೆದಾಟದಲ್ಲಿ ಕಳೆಯುತ್ತದೆ. ಸಂಜೆ ರೆಂಬೆ ಸೊಪ್ಪುಗಳಿಂದ ಹಾಸಿಗೆ ಹೆಣೆದುಕೊಳ್ಳುತ್ತದೆ. ಆವರಣದಲ್ಲಿ ಊಟ ಹೊತ್ತಿಗೆ ಸರಿಯಾಗಿ ಎದುರಿಗೆ ಬಂದರೆ ಉಳಿದ ಸಮಯಕ್ಕೆ ಕೆಲಸವೇ ಇಲ್ಲದಂತಾಗುತ್ತದೆ. ಇದರ ಪರಿಣಾಮವಾಗಿ ಒಂದೇ ಸಮನೆ ತೂಗಾಡುವುದು, ತನ್ನ ಕೂದಲನ್ನು ತಾನೇ ಕಿತ್ತುಕೊಳ್ಳುವುದು, ಉಂಡದ್ದನ್ನು ಕಕ್ಕಿ ಮತ್ತೆ ತಿನ್ನುವುದು ಮುಂತಾದ ಲಕ್ಷಣಗಳು ಕಾಣಿಸಿಕೊಳ್ಳಬಹುದು.

ಇವನ್ನು ತಡೆಯಲು ಆವರಣದಲ್ಲಿ ಹಗ್ಗ, ಮರದ ದಿಮ್ಮಿ, ಹಸಿರು ಸೊಪ್ಪು, ಆಹಾರ ಬಚ್ಚಿಟ್ಟ ಪೆಟ್ಟಿಗೆ ಇತ್ಯಾದಿಗಳನ್ನು ಒದಗಿಸುವ ಕ್ರಮಕ್ಕೆ ಎನ್‌ರಿಚ್‌ಮೆಂಟ್ ಅಥವಾ ಆವರಣ ಸಮೃದ್ಧೀಕರಣ ಎನ್ನಲಾಗುತ್ತದೆ. ಟಿ.ವಿ. ಪರದೆಯೂ ಇಂತಹ ಸಾಧನಗಳಲ್ಲಿ ಒಂದು.

2. ವಾನರಗಳು ಪರದೆಯನ್ನು ಅರ್ಥಮಾಡಿಕೊಳ್ಳುತ್ತವೆಯೇ?

ಸಾಕಷ್ಟು ಮಟ್ಟಿಗೆ ಅರ್ಥಮಾಡಿಕೊಳ್ಳುತ್ತವೆ. ಜಪಾನಿನ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಚಿಂಪಾಂಜಿ ಮತ್ತು ಬೊನೊಬೊಗಳಿಗೆ ಕಿರುಚಿತ್ರವನ್ನು ಒಮ್ಮೆ ತೋರಿಸಿ, ಮರುದಿನ ಅದನ್ನೇ ಮತ್ತೆ ತೋರಿಸಲಾಯಿತು. ಘಟನೆ ನಡೆಯಲಿರುವ ಜಾಗವನ್ನು ಅವು ಮುಂಚಿತವಾಗಿಯೇ ದಿಟ್ಟಿಸಿದವು. ಅಂದರೆ, ಒಂದೇ ಸಲ ಕಂಡ ದೃಶ್ಯವನ್ನು ಅವು ನೆನಪಿನಲ್ಲಿಟ್ಟುಕೊಂಡಿದ್ದವು.

ಅರ್ಥವಾಗುವುದೆಲ್ಲ ಹಿತವಾಗುತ್ತದೆಯೇ ಎಂಬುದು ಬೇರೆ ಪ್ರಶ್ನೆ. 2000ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಚಿಂಪಾಂಜಿಗಳು ವಿಡಿಯೋ ಪ್ರದರ್ಶನದ ಅವಧಿಯಲ್ಲಿ ಸರಾಸರಿ ಶೇ. 38ರಷ್ಟು ಸಮಯ ಪರದೆಯನ್ನು ನೋಡಿದವು. ಒಂಟಿಯಾಗಿದ್ದವು ಹೆಚ್ಚು ನೋಡಿದವು. ಜೊತೆಗಾರರಿದ್ದವು ಕಡಿಮೆ ನೋಡಿದವು. ಜೊತೆಯಿರುವ ಪ್ರಾಣಿಗೆ ನೋಡಲು, ಮಾಡಲು ಬೇರೆ ಸಂಗತಿಗಳಿರುತ್ತವೆ. ಟಿ.ವಿ.ಯ ಸ್ಥಾನವೇನೆಂಬುದನ್ನು ಈ ವ್ಯತ್ಯಾಸವೇ ಸೂಚಿಸುತ್ತದೆ.

3. ಮೈಸೂರು ಮೃಗಾಲಯದ ನಿದರ್ಶನ

1892ರಲ್ಲಿ ಸ್ಥಾಪನೆಯಾದ ಮೈಸೂರಿನ ಶ್ರೀ ಚಾಮರಾಜೇಂದ್ರ ಮೃಗಾಲಯದಲ್ಲಿ ‘ಪೋಲೋ’ ಎಂಬ ಗಂಡು ಗೊರಿಲ್ಲಾ ಇತ್ತು. ಐರ್ಲೆಂಡಿನ ಡಬ್ಲಿನ್‌ನಿಂದ ಬಂದಿದ್ದ ಅದು ದೇಶದ ಏಕೈಕ ಗೊರಿಲ್ಲಾ ಆಗಿ ಒಂಟಿಯಾಗಿ ದಿನ ಕಳೆದು 2014ರಲ್ಲಿ ಮರಣ ಹೊಂದಿತು. ಅದಕ್ಕೆ ಸಂಗಾತಿಯನ್ನು ತರುವುದು ಸುಲಭವಾಗಿರಲಿಲ್ಲ. ಗೊರಿಲ್ಲಾಗಳ ಅಂತರರಾಷ್ಟ್ರೀಯ ವಹಿವಾಟು ಅತ್ಯಂತ ಬಿಗಿಯಾದ ನಿರ್ಬಂಧಕ್ಕೆ ಒಳಪಟ್ಟಿದ್ದು, ಪ್ರಾಣಿಯನ್ನು ಕೊಡುವ ಮೃಗಾಲಯ ಹಾಗೂ ಎರಡೂ ದೇಶಗಳ ಒಪ್ಪಿಗೆ ಬೇಕಾಗುತ್ತದೆ.

ತರುವಾಯ 2021ರ ಆಗಸ್ಟ್ ತಿಂಗಳಲ್ಲಿ ಜರ್ಮನಿಯಿಂದ ಥಾಬೊ ಮತ್ತು ಡೆಂಬಾ ಎಂಬ ಎರಡು ಗಂಡು ಗೊರಿಲ್ಲಾಗಳನ್ನು ಒಟ್ಟಿಗೆ ತರಲಾಯಿತು. ಗಂಡು ಗೊರಿಲ್ಲಾಗಳನ್ನು ಜೊತೆಯಾಗಿ ಇರಿಸುವ ಪದ್ಧತಿ ಇತರ ದೇಶಗಳ ಮೃಗಾಲಯಗಳಲ್ಲಿಯೂ ಉಂಟು. ಒಂದು ಗೊರಿಲ್ಲಾಕ್ಕೆ ಇನ್ನೊಂದು ಗೊರಿಲ್ಲಾ ಕೊಡುವ ಪ್ರತಿಸ್ಪಂದನೆಯನ್ನು ಯಾವ ಪರದೆಯೂ ಕೊಡಲಾರದು. ಪರದೆಯ ಮೇಲಿನ ಗೊರಿಲ್ಲಾ ಮುನಿಯುವುದಿಲ್ಲ, ಹೇನು ಹೆಕ್ಕುವುದಿಲ್ಲ, ಪಕ್ಕದಲ್ಲಿ ಮಲಗುವುದೂ ಇಲ್ಲ.

4. ಟಿ.ವಿ. ಅಳವಡಿಸುವಾಗ ಗಮನಿಸಬೇಕಾದ ಅಂಶಗಳು

(ಅ) ಪ್ರಾಣಿಯು ಅನಿವಾರ್ಯವಾಗಿ ಒಂಟಿಯಾಗಿರುವ ಕಾಲದಲ್ಲಿ, ಅಂದರೆ ಕ್ವಾರಂಟೈನ್, ಚಿಕಿತ್ಸೆ ಮುಂತಾದ ಸಂದರ್ಭಗಳಲ್ಲಿ, ಟಿ.ವಿ. ತಕ್ಕಮಟ್ಟಿಗೆ ಸಹಕಾರಿ.
(ಆ) ಬೇಡವೆನಿಸಿದರೆ ಎದ್ದುಹೋಗಲು ಪ್ರಾಣಿಗೆ ಬೇರೆ ಜಾಗವಿರಬೇಕು. ತಪ್ಪಿಸಿಕೊಳ್ಳಲಾಗದ ಬೆಳಕು ಮತ್ತು ಸದ್ದು ಹಿಂಸೆಯೇ ಆಗುತ್ತದೆ.
(ಇ) ಪರದೆ ಹಾಗೂ ವಿದ್ಯುತ್ ತಂತಿಗಳು ಕೈಗೆಟುಕದಂತೆ ಆವರಣದ ಹೊರಗಿರಬೇಕು. ವಾನರಗಳ ತೋಳಿನ ಬಲ ಮನುಷ್ಯರಿಗಿಂತ ಹೆಚ್ಚು.
(ಈ) ಒಂದೇ ದೃಶ್ಯ ಪುನರಾವರ್ತನೆಯಾದರೆ ಆಸಕ್ತಿ ಕುಂದುತ್ತದೆ. ಆದುದರಿಂದ ಅವಧಿ ಚಿಕ್ಕದಾಗಿದ್ದು, ದೃಶ್ಯಗಳು ಬದಲಾಗುತ್ತಿರಬೇಕು.
(ಉ) ಪ್ರಾಣಿಪಾಲಕರು ವರ್ತನೆಯನ್ನು ದಾಖಲಿಸಬೇಕು. ಕೂದಲು ಕೀಳುವುದು, ತೂಗಾಡುವುದು ಹೆಚ್ಚಾದಲ್ಲಿ ಪ್ರದರ್ಶನವನ್ನು ನಿಲ್ಲಿಸಬೇಕು.

ಬೆರಳಿನಿಂದ ಮುಟ್ಟಿದಾಗ ಬದಲಾಗುವ ಪರದೆ ಇದಕ್ಕಿಂತ ಭಿನ್ನವಾದುದು. ಅಲ್ಲಿ ಪ್ರಾಣಿಯು ಬರಿಯ ಪ್ರೇಕ್ಷಕನಾಗಿರದೆ ತಾನೇ ಯೋಚಿಸಿ ಕೆಲಸ ಮಾಡುತ್ತದೆ. ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದಲ್ಲಿ ‘ಆಯಿ’ ಎಂಬ ಚಿಂಪಾಂಜಿಯು ಕಂಪ್ಯೂಟರಿನ ಮೂಲಕ ಚಿಹ್ನೆ ಮತ್ತು ಅಂಕಿಗಳನ್ನು ಕಲಿತುದು ಪ್ರಸಿದ್ಧವಾಗಿದೆ.

5. ವೀಕ್ಷಕರ ಮೊಬೈಲ್ ದೂರವಾಣಿ

ವಾನರಗಳಿಗೆ ಅನಪೇಕ್ಷಿತವಾಗಿ ದೊರೆಯುವ ಪರದೆಯೆಂದರೆ ವೀಕ್ಷಕರ ಮೊಬೈಲ್. 2022ರಲ್ಲಿ ಅಮೆರಿಕದ ಷಿಕಾಗೋ ನಗರದ ಲಿಂಕನ್ ಪಾರ್ಕ್ ಮೃಗಾಲಯದಲ್ಲಿ, ಗಾಜಿನಾಚೆ ಜನರು ತೋರಿಸುತ್ತಿದ್ದ ಮೊಬೈಲ್ ಚಿತ್ರಗಳಲ್ಲಿ ಮುಳುಗಿದ್ದ ಹದಿಹರೆಯದ ಗೊರಿಲ್ಲಾವೊಂದು, ಮತ್ತೊಂದು ಗೊರಿಲ್ಲಾ ತನ್ನತ್ತ ನುಗ್ಗಿ ಬಂದುದನ್ನೂ ಗಮನಿಸಲಿಲ್ಲ. ಗುಂಪಿನಲ್ಲಿ ಬಾಳುವ ಪಾಠವನ್ನು ಕಲಿಯಬೇಕಾದ ವಯಸ್ಸಿನಲ್ಲಿ ಅದರ ಗಮನ ಬೇರೆಡೆ ಹರಿದಿತ್ತು. ಆದಕಾರಣ ಅಲ್ಲಿನ ಆಡಳಿತವು ಗಾಜಿನ ಮುಂದೆ ಹಗ್ಗ ಕಟ್ಟಿ ಜನರನ್ನು ದೂರ ನಿಲ್ಲಿಸಿತು.

6. ಸಾರ್ವಜನಿಕರ ಗಮನಕ್ಕೆ

ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972ರ ಕಲಂ 38-ಜೆ ಪ್ರಕಾರ ಮೃಗಾಲಯದ ಪ್ರಾಣಿಗಳನ್ನು ಕೆಣಕುವುದು, ಗಾಯಗೊಳಿಸುವುದು, ಅವುಗಳಿಗೆ ಆಹಾರ ನೀಡುವುದು, ಸದ್ದು ಅಥವಾ ಇತರ ರೀತಿಯಿಂದ ತೊಂದರೆ ಉಂಟುಮಾಡುವುದು ನಿಷಿದ್ಧ ಹಾಗೂ ಶಿಕ್ಷಾರ್ಹ. ಆವರಣದ ಎದುರು ಮೊಬೈಲ್‌ನಲ್ಲಿ ವಿಡಿಯೋ ತೋರಿಸಿ ಪ್ರಾಣಿಯ ಗಮನ ಸೆಳೆಯುವುದರಿಂದ ದೂರವಿರತಕ್ಕದ್ದು.

ಟಿ.ವಿ., ಆಟಿಕೆ ಮುಂತಾದ ವಸ್ತುಗಳನ್ನು ನೀಡಬಯಸುವವರು ಅವುಗಳನ್ನು ಖರೀದಿಸುವ ಮುನ್ನ ಸಂಬಂಧಪಟ್ಟ ಮೃಗಾಲಯವನ್ನು ಬರಹದ ಮೂಲಕ ವಿಚಾರಿಸುವುದು ಸೂಕ್ತ. ಯಾವ ಪ್ರಾಣಿಗೆ ಯಾವುದು ಹಿತವೆಂಬುದನ್ನು ಅದರ ಪಾಲಕರು ಮತ್ತು ಪಶುವೈದ್ಯರು ಬಲ್ಲರು. ಇದಕ್ಕಿಂತ ನೇರವಾದ ಮಾರ್ಗವೆಂದರೆ ಕರ್ನಾಟಕ ಮೃಗಾಲಯ ಪ್ರಾಧಿಕಾರದ ವ್ಯಾಪ್ತಿಯ ಮೃಗಾಲಯಗಳಲ್ಲಿರುವ ಪ್ರಾಣಿ ದತ್ತು ಯೋಜನೆ. ಇದರಡಿ ಪ್ರಾಣಿಯ ಜಾತಿ ಮತ್ತು ಅವಧಿಗೆ ಅನುಗುಣವಾಗಿ ನಿಗದಿಯಾದ ಮೊತ್ತವನ್ನು ಪಾವತಿಸಿ ಪಾಲನೆಯಲ್ಲಿ ಭಾಗಿಯಾಗಬಹುದು. ದತ್ತು ಪಡೆದವರಿಗೆ ಪ್ರಾಣಿಯನ್ನು ಮುಟ್ಟುವ ಅಥವಾ ಅದಕ್ಕೆ ಆಹಾರ ನೀಡುವ ಹಕ್ಕು ಬರುವುದಿಲ್ಲ ಎಂಬುದನ್ನು ಅರ್ಜಿದಾರರು ಗಮನಿಸತಕ್ಕದ್ದು.

ಪ್ರಾಣಿಗಳಿಗೆ ಮೊದಲು ಜೊತೆ, ಅನಂತರ ಕೆಲಸ, ಕೊನೆಯಲ್ಲಿ ಪರದೆ ಎಂಬ ಕ್ರಮವನ್ನು ಮನಗಂಡು ಸಾರ್ವಜನಿಕರು ಸಹಕರಿಸಬೇಕಾಗಿ ಕೋರಲಾಗಿದೆ.