ದಾರಿಯನ್ನು ಹೊತ್ತು ಸಾಗುವ ಪ್ಯಾಕೆಟ್

ದೂರಸಂಪರ್ಕ ಕಂಪನಿಯೊಂದರ ಬೆನ್ನೆಲುಬು ಜಾಲದಲ್ಲಿರುವ ರೂಟರ್‌ಗಳು ಸಾಮಾನ್ಯವಾಗಿ ಪಾಲಿಸುವುದು ಒಂದೇ ನೀತಿಯನ್ನು: ಹತ್ತಿರದ ದಾರಿ ಹಿಡಿ. ಓಎಸ್‌ಪಿಎಫ್ ಅಥವಾ ಐಎಸ್-ಐಎಸ್ ಎಂಬ ನಿಯಮಾವಳಿಯ ಮೂಲಕ ಪ್ರತಿ ರೂಟರೂ ಇಡೀ ಜಾಲದ ನಕ್ಷೆಯನ್ನು ತಿಳಿದುಕೊಂಡು, ಗಣಕ ವಿಜ್ಞಾನಿ ಡೈಕ್‌ಸ್ಟ್ರಾ 1959ರಲ್ಲಿ ಪ್ರಕಟಿಸಿದ ಲೆಕ್ಕದ ವಿಧಾನದಿಂದ ಆ ದಾರಿಯನ್ನು ಕಂಡುಕೊಳ್ಳುತ್ತದೆ. ತೊಡಕು ಹುಟ್ಟುವುದೂ ಇಲ್ಲೇ. ಎಲ್ಲ ಪ್ಯಾಕೆಟ್‌ಗಳೂ ಹತ್ತಿರದ ದಾರಿಗೇ ನುಗ್ಗಿದರೆ ಒಂದು ಫೈಬರ್ ತುಂಬಿ ತುಳುಕುತ್ತದೆ, ಪಕ್ಕದ್ದು ಖಾಲಿ ಬಿದ್ದಿರುತ್ತದೆ.

ಇದಕ್ಕೆ 2001ರ ಹೊತ್ತಿಗೆ ಸಿಕ್ಕ ಪರಿಹಾರ, ಪ್ಯಾಕೆಟ್ಟಿಗೆ ಲೇಬಲ್ ಅಂಟಿಸಿ ಸಾಗಿಸುವ ಎಂಪಿಎಲ್‌ಎಸ್ ಸುರಂಗಗಳು. ಆರ್‌ಎಸ್‌ವಿಪಿ-ಟಿಇ ಎಂಬ ವಿಧಾನದಲ್ಲಿ ಮೊದಲೇ ಒಂದು ದಾರಿಯನ್ನು ಗೊತ್ತುಮಾಡಿ, ಅದರುದ್ದಕ್ಕೂ ಇರುವ ಪ್ರತಿ ರೂಟರಿಗೂ ಆ ಸುರಂಗವನ್ನು ನೆನಪಿಡಲು ಹೇಳಬೇಕು. ಆ ನೆನಪು ಅಳಿಯದಿರಲಿ ಎಂದು ಸುಮಾರು 30 ಸೆಕೆಂಡಿಗೊಮ್ಮೆ ಸಂದೇಶ ಕಳಿಸುತ್ತಲೇ ಇರಬೇಕು. ಜಾಲದ ಅಂಚಿನಲ್ಲಿ 100 ರೂಟರ್‌ಗಳಿದ್ದು, ಪ್ರತಿಯೊಂದರಿಂದ ಉಳಿದೆಲ್ಲಕ್ಕೂ ಸುರಂಗ ಬೇಕೆಂದರೆ ಒಟ್ಟು 9,900 ಸುರಂಗಗಳಾಗುತ್ತವೆ. ಈ ಹೊರೆಯ ಬಹುಪಾಲು ಬೀಳುವುದು ನಡುವಿನ ರೂಟರ್‌ಗಳ ಮೇಲೆ.

ನಡುವಿನವರು ಇದನ್ನೆಲ್ಲ ಏಕೆ ನೆನಪಿಡಬೇಕು? ದಾರಿಯನ್ನು ಪ್ಯಾಕೆಟ್ಟಿನ ತಲೆಯ ಮೇಲೇ ಬರೆದುಬಿಟ್ಟರಾಗದೇ? ಸೆಗ್ಮೆಂಟ್ ರೂಟಿಂಗ್ ಹುಟ್ಟಿದ್ದು ಈ ಯೋಚನೆಯಿಂದ. ಸಿಸ್ಕೊ ಕಂಪನಿಯ ಕ್ಲಾರೆನ್ಸ್ ಫಿಲ್ಸ್‌ಫಿಲ್ಸ್ ಮತ್ತು ಜೊತೆಗಾರರು ಮುಂದಿಟ್ಟ ಈ ವಿನ್ಯಾಸ 2018ರ ಜುಲೈನಲ್ಲಿ ಆರ್‌ಎಫ್‌ಸಿ 8402 ಎಂಬ ಮಾನಕವಾಯಿತು. ಬೆಂಗಳೂರಿನಿಂದ ಮಂಗಳೂರಿಗೆ ಹೊರಟ ಬಸ್ಸಿನ ಫಲಕದಲ್ಲಿ ‘ಹಾಸನ ಮಾರ್ಗ’ ಎಂದಿದ್ದರೆ ಸಾಕು, ಒಂದೊಂದು ತಿರುವನ್ನೂ ಬರೆಯಬೇಕಿಲ್ಲ. ಶಿರಾಡಿ ಘಾಟಿಯಲ್ಲಿ ಮಣ್ಣು ಕುಸಿದ ದಿನ ‘ಮಡಿಕೇರಿ ಮಾರ್ಗ’ದ ಫಲಕ ಹಾಕಿದರಾಯಿತು, ನಡುವಿನ ಊರುಗಳಿಗೆಲ್ಲ ಮೊದಲೇ ಹೇಳಿಕಳಿಸಬೇಕಿಲ್ಲ.

ಮುಂಬೈ, ಬೆಂಗಳೂರು, ಹೈದರಾಬಾದ್, ಚೆನ್ನೈಗಳಲ್ಲಿ ರೂಟರ್‌ಗಳಿರುವ ಜಾಲವೊಂದನ್ನು ಊಹಿಸಿಕೊಳ್ಳೋಣ. ಮುಂಬೈಯಿಂದ ಚೆನ್ನೈಗೆ ಹತ್ತಿರದ ದಾರಿ ಬೆಂಗಳೂರಿನ ಮೂಲಕ, ಆದರೆ ಅದು ತುಂಬಿಹೋಗಿದೆ. ಹೈದರಾಬಾದಿಗೆ 16003, ಚೆನ್ನೈಗೆ 16004 ಎಂಬ ಗುರುತು ಸಂಖ್ಯೆಗಳಿವೆ. ಮುಂಬೈ ರೂಟರ್ ಈ ಎರಡು ಲೇಬಲ್‌ಗಳನ್ನು ಒಂದರ ಮೇಲೊಂದಾಗಿ ಪ್ಯಾಕೆಟ್ಟಿಗೆ ಅಂಟಿಸುತ್ತದೆ. ಮೇಲಿನ ಲೇಬಲ್ ನೋಡಿ ಎಲ್ಲರೂ ಅದನ್ನು ಹೈದರಾಬಾದಿನತ್ತ ತಳ್ಳುತ್ತಾರೆ. ಹೈದರಾಬಾದ್ ತಲುಪುವ ಹೊತ್ತಿಗೆ ಅದು ಕಳಚಿ, ಕೆಳಗಿನ 16004 ಮೇಲೆ ಬರುತ್ತದೆ. ಇಂಥದೇ ಫೈಬರಿನಲ್ಲಿ ಹೋಗಬೇಕು ಎಂದು ಕಟ್ಟುಮಾಡಬೇಕಿದ್ದರೆ ಆ ಕೊಂಡಿಗೇ ಒಂದು ಸಂಖ್ಯೆ ಇರುತ್ತದೆ.

ಫೈಬರ್ ತುಂಡಾದಾಗ ಈ ಏರ್ಪಾಡಿನ ಬಲ ಇನ್ನೂ ಚೆನ್ನಾಗಿ ಕಾಣುತ್ತದೆ. ರೂಟರ್ ತನ್ನ ಕೊಂಡಿ ಕಡಿದರೆ ಯಾವ ಲೇಬಲ್ ಸೇರಿಸಬೇಕೆಂದು ಮೊದಲೇ ಲೆಕ್ಕ ಹಾಕಿಟ್ಟಿರುತ್ತದೆ. ಹಾಗಾಗಿ 50 ಮಿಲಿಸೆಕೆಂಡಿನೊಳಗೆ ಸಂಚಾರ ಬೇರೆ ದಾರಿ ಹಿಡಿಯುವಂತೆ ಮಾಡಬಹುದು. ಮಾತಾಡುತ್ತಿರುವ ಗ್ರಾಹಕರಿಗೆ ಅದು ಗೊತ್ತೂ ಆಗದು.

ಎಂಪಿಎಲ್‌ಎಸ್‌ ಬಿಟ್ಟು ನೇರ ಐಪಿವಿ6 ಮೇಲೂ ಸೆಗ್ಮೆಂಟ್ ರೂಟಿಂಗನ್ನು ನಡೆಸಬಹುದು. ಜಪಾನಿನ ಸಾಫ್ಟ್‌ಬ್ಯಾಂಕ್, ಇಟಲಿಯ ಇಲಿಯಾಡ್ ಕಂಪನಿಗಳು 2019ರಲ್ಲೇ ಆ ದಾರಿ ಹಿಡಿದವು. ಆದರೆ ಅಲ್ಲಿ ಪ್ರತಿ ಸೆಗ್ಮೆಂಟಿಗೂ, ಅಂದರೆ ದಾರಿಯ ಪ್ರತಿ ಗುರುತಿಗೂ, ಸಾಮಾನ್ಯವಾಗಿ 16 ಬೈಟ್ ಬೇಕು, ಎಂಪಿಎಲ್‌ಎಸ್ ಲೇಬಲ್ಲಿಗೆ ನಾಲ್ಕೇ ಸಾಕು. ದಾರಿ ಉದ್ದವಾದಷ್ಟೂ ಪ್ಯಾಕೆಟ್ಟಿನ ಹೊರೆ ಹೆಚ್ಚುತ್ತದೆ. ಆರ್‌ಎಸ್‌ವಿಪಿ ಮಾಡುತ್ತಿದ್ದಂತೆ ದಾರಿಯುದ್ದಕ್ಕೂ ಸಾಮರ್ಥ್ಯವನ್ನು ಕಾಯ್ದಿರಿಸುವ ಕೆಲಸವನ್ನು ಸೆಗ್ಮೆಂಟ್ ರೂಟಿಂಗಿನಲ್ಲಿ ನಡುವಿನ ರೂಟರ್‌ಗಳು ಮಾಡುವುದಿಲ್ಲ. ಆ ಲೆಕ್ಕಕ್ಕೆ ಪ್ರತ್ಯೇಕ ನಿಯಂತ್ರಕ ಸಾಫ್ಟ್‌ವೇರ್ ಬೇಕು.

ಭದ್ರತೆಯ ಎಚ್ಚರವೂ ಅಗತ್ಯ. ಕಳಿಸುವವನೇ ದಾರಿ ಬರೆಯುವ ಸೌಲಭ್ಯ 1981ರ ಐಪಿ ಮಾನಕದಲ್ಲೇ ಇತ್ತು. ಐಪಿವಿ6ನಲ್ಲಿ ಅಂಥದೇ ಸೌಲಭ್ಯ ದುರ್ಬಳಕೆಗೆ ಎಡೆಕೊಟ್ಟಿತು: ಎರಡು ರೂಟರ್‌ಗಳ ವಿಳಾಸವನ್ನೇ ಮತ್ತೆ ಮತ್ತೆ ಬರೆದರೆ ಒಂದು ಪ್ಯಾಕೆಟ್ ಅವುಗಳ ನಡುವೆ ಹತ್ತಾರು ಬಾರಿ ಓಡಾಡಿ ಜಾಲವನ್ನು ಕಟ್ಟಿಹಾಕಬಲ್ಲದು. 2007ರಲ್ಲಿ ಅದನ್ನು ಕೈಬಿಡಲಾಯಿತು. ಆದ್ದರಿಂದಲೇ ಸೆಗ್ಮೆಂಟ್ ರೂಟಿಂಗ್ ಒಬ್ಬ ನಿರ್ವಾಹಕನ ಜಾಲದೊಳಗಷ್ಟೇ ನಡೆಯಬೇಕು, ಹೊರಗಿನವರು ಬರೆದು ತಂದ ದಾರಿಯನ್ನು ಗಡಿಯಲ್ಲೇ ತಡೆಯಬೇಕು.

ಇಷ್ಟೆಲ್ಲ ಬೆಲೆ ತೆತ್ತರೂ ಇದು ಲಾಭದ ವ್ಯಾಪಾರವೇ. ನಡುವಿನ ರೂಟರ್ ಈಗ ನೆನಪಿಡಬೇಕಾದದ್ದು ಜಾಲದ ಇತರ ರೂಟರ್‌ಗಳನ್ನು ಮತ್ತು ತನ್ನ ಕೊಂಡಿಗಳನ್ನು ಮಾತ್ರ. ಅವುಗಳ ಮೇಲೆ ಎಷ್ಟು ಸಾವಿರ ದಾರಿಗಳನ್ನು ಹೆಣೆದರೂ ಆ ಪಟ್ಟಿಗೆ ಒಂದು ಸಾಲೂ ಸೇರುವುದಿಲ್ಲ. ಜಾಲ ಬೆಳೆಯುತ್ತಲೇ ಇರುವ ಈ ಕಾಲದಲ್ಲಿ ಅದು ಕುಸಿಯದಂತೆ ಕಾಯುವುದು ಈ ಮಿತಿಯೇ.