‘ಏಜೆಂಟ್’ ಎಂಬ ಹಳೆಯ ಹಣೆಪಟ್ಟಿ

ಅಂಕೋಲೆಯಿಂದ ಹಾರವಾಡ ಮಾರ್ಗವಾಗಿ ಕಾರವಾರದವರೆಗೆ ಅಂಗಡಿಗಳಿಗೆ ತಮ್ಮ ಸರಕು ಮಾರುವವರೆಲ್ಲರನ್ನೂ ‘ಏಜೆಂಟ್’ ಎಂದೇ ಲೆಕ್ಕಪುಸ್ತಕದಲ್ಲಿ ಬರೆಯುವ ರೂಢಿ ನಮ್ಮ ವರ್ತಕರಲ್ಲಿದೆ. (ವಿಸಿಟಿಂಗ್ ಕಾರ್ಡಿನಲ್ಲಿ ಮಾತ್ರ ಈಗ ಎಲ್ಲರೂ ಎಕ್ಸಿಕ್ಯೂಟಿವ್‌ಗಳೇ!) ಈ ಒಂದು ಹಣೆಪಟ್ಟಿ ಇಂದಿನ ತೆರಿಗೆ ನಿರ್ಣಯಕ್ಕೆ ಸಾಲದು. ಸಂಬಳದ ನೌಕರ ಬೇರೆ, ಆರ್ಡರ್ ತಂದು ಕಮಿಷನ್ ಪಡೆಯುವವನು ಬೇರೆ, ಮಾಲೀಕರ ಪರವಾಗಿ ಸರಕಿಟ್ಟುಕೊಂಡು ತನ್ನ ಹೆಸರಿನಲ್ಲೇ ಬಿಲ್ ಮಾಡುವವನು ಬೇರೆ.

2018ರ ಸೆಪ್ಟೆಂಬರ್‌ನ ಜಿಎಸ್‌ಟಿ ಸುತ್ತೋಲೆಯು ಕೇಳುವುದು ಇಷ್ಟೇ: ಗಿರಾಕಿಗೆ ಇನ್‌ವಾಯ್ಸ್ ಯಾರ ಹೆಸರಿನಲ್ಲಿ ಹೋಗುತ್ತದೆ? ಮಾಲೀಕರ ಹೆಸರಿನಲ್ಲಾದರೆ ಕಮಿಷನ್‌ದಾರನು ಕೇವಲ ಸೇವೆ ಒದಗಿಸುವವನು. ತನ್ನ ಹೆಸರಿನಲ್ಲಾದರೆ, ಅವನಿಗೆ ಸರಕು ಕಳುಹಿಸಿದಾಗಲೇ ಅದು ಪೂರೈಕೆ ಎನಿಸುತ್ತದೆ. ಸರಕು ಮಾರಾಟವಾಗದೆ ಅವನ ಗೋದಾಮಿನಲ್ಲಿದ್ದರೂ ಮಾಲೀಕರು ತೆರಿಗೆ ಕಟ್ಟಬೇಕು. ತೆರಿಗೆಗೊಳಪಟ್ಟ ಸರಕಾದರೆ, ವಹಿವಾಟು ಎಷ್ಟೇ ಚಿಕ್ಕದಿದ್ದರೂ ಅವನು ನೋಂದಣಿ ಮಾಡಿಸಲೇಬೇಕು. ಮಾರ್ಚ್ ಅಂತ್ಯದೊಳಗೆ ಲೆಡ್ಜರಿನ ಆ ‘ಏಜೆಂಟ್’ ಖಾತೆಯನ್ನು ಸದಸ್ಯರು ಮೂರಾಗಿ ಬೇರ್ಪಡಿಸಿಕೊಳ್ಳುವುದು ಒಳಿತು.