ನಿಮಿಷಗಳಲ್ಲಿ ರೋಗಾಣು ಪತ್ತೆ: ಏನಿದು ಬೆಳಕಿನ ಬಯೋಸೆನ್ಸರ್? ಹೊಸ ವೈರಸ್‌ಗೂ ನಡೆಯುತ್ತಾ?

ಅಹಮದಾಬಾದ್ ಜಿಲ್ಲೆಯ ಸಾನಂದ್ ತಾಲೂಕಿನ ಕೋಲಾಟ್ ಗ್ರಾಮದ ಮಹಿಳೆಯೊಬ್ಬರು 2011ರ ಜನವರಿಯಲ್ಲಿ ಮೃತಪಟ್ಟಾಗ ಕಾಯಿಲೆ ಯಾವುದೆಂದು ಯಾರಿಗೂ ಗೊತ್ತಿರಲಿಲ್ಲ. ಅವರಿಗೆ ಚಿಕಿತ್ಸೆ ನೀಡಿದ್ದ ವೈದ್ಯ ಮತ್ತು ನರ್ಸ್ ಕೂಡ ಅದೇ ಸೋಂಕಿಗೆ ಬಲಿಯಾದರು. ಅದು ಕ್ರಿಮಿಯನ್-ಕಾಂಗೋ ರಕ್ತಸ್ರಾವ ಜ್ವರ ಎಂದು ಖಚಿತಪಡಿಸಿದ್ದು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ. ನಮ್ಮ ಮಲೆನಾಡಿನ ಮಂಗನ ಕಾಯಿಲೆಯಂತೆ ಇದೂ ಉಣುಗುಗಳಿಂದ ಹರಡುತ್ತದೆ. ಭಾರತದಲ್ಲಿ ಈ ರೋಗ ದೃಢಪಟ್ಟಿದ್ದು ಅದೇ ಮೊದಲು.

ರೋಗಿ ಆಸ್ಪತ್ರೆಗೆ ಬಂದ ಹೊತ್ತಿಗೂ ಲ್ಯಾಬ್ ವರದಿ ಕೈ ಸೇರುವ ಹೊತ್ತಿಗೂ ನಡುವಿನ ಈ ಅಂತರವನ್ನು ಕಡಿಮೆ ಮಾಡುವುದೇ ಬೆಳಕು ಆಧಾರಿತ ಬಯೋಸೆನ್ಸರ್‌ಗಳ ಉದ್ದೇಶ.

ಈ ಅಂತರಕ್ಕೆ ಗುಜರಾತ್ ಹೆಚ್ಚೇ ಬೆಲೆ ತೆತ್ತಿದೆ. 1994ರ ಸೆಪ್ಟೆಂಬರ್‌ನಲ್ಲಿ ಸೂರತ್‌ನಲ್ಲಿ ಪ್ಲೇಗ್ ಕಾಣಿಸಿಕೊಂಡಾಗ 50ಕ್ಕೂ ಹೆಚ್ಚು ಮಂದಿ ಸತ್ತರು, ಲಕ್ಷಾಂತರ ಜನ ರೈಲು ಹತ್ತಿ ಊರು ಬಿಟ್ಟರು. ಅದು ನಿಜಕ್ಕೂ ಪ್ಲೇಗ್ ಹೌದೋ ಅಲ್ಲವೋ ಎಂಬ ವಾದ ಮಾತ್ರ ರೋಗ ತಣ್ಣಗಾದ ಮೇಲೂ ನಡೆಯಿತು. 2024ರಲ್ಲಿ ರಾಜ್ಯದಲ್ಲಿ ಚಾಂದಿಪುರ ವೈರಸ್ ಹರಡಿದಾಗ ವಡೋದರದ ಆಸ್ಪತ್ರೆಗೂ ಮಕ್ಕಳು ದಾಖಲಾದರು. ಮರಳು ನೊಣಗಳಿಂದ ಹರಡುವ ಈ ವೈರಸ್, ಜ್ವರ ಶುರುವಾದ ಒಂದೆರಡು ದಿನಗಳಲ್ಲೇ ಮಗುವಿನ ಜೀವ ತೆಗೆಯಬಲ್ಲದು. ವರದಿ ತಡವಾದರೆ ಉಪಯೋಗವೇನು?

ಹೇಗೆ ಕೆಲಸ ಮಾಡುತ್ತದೆ?

ಗಾಜಿನ ಮೇಲೆ ಸುಮಾರು 50 ನ್ಯಾನೋಮೀಟರ್ ದಪ್ಪದ ಚಿನ್ನದ ಲೇಪನ ಇರುತ್ತದೆ. ಅಂದರೆ ಕೂದಲೆಳೆಗಿಂತ ಸಾವಿರ ಪಟ್ಟು ತೆಳು. ಗಾಜಿನ ಕೆಳಗಿನಿಂದ ಬೆಳಕು ಬಿಟ್ಟರೆ ಒಂದು ನಿರ್ದಿಷ್ಟ ಕೋನದಲ್ಲಿ ಚಿನ್ನದ ಎಲೆಕ್ಟ್ರಾನ್‌ಗಳು ಅದನ್ನು ಹೀರಿಕೊಳ್ಳುತ್ತವೆ, ಮರಳಿ ಬರುವ ಬೆಳಕು ಮಂಕಾಗುತ್ತದೆ. ಚಿನ್ನದ ಮೇಲ್ಮೈಗೆ ಮೊದಲೇ ಪ್ರತಿಕಾಯಗಳನ್ನು ಅಂಟಿಸಿಟ್ಟು ರೋಗಿಯ ಮಾದರಿ ಹಾಕಿದಾಗ ವೈರಸ್ ಬಂದು ಅಂಟಿಕೊಂಡರೆ ಈ ಕೋನ ಅಷ್ಟಿಷ್ಟು ಸರಿಯುತ್ತದೆ. ಉಪಕರಣ ಅಳೆಯುವುದು ಇದನ್ನೇ. ರೋಗಾಣುವನ್ನು ಲ್ಯಾಬ್‌ನಲ್ಲಿ ಬೆಳೆಸಬೇಕಿಲ್ಲ, ಬಣ್ಣ ಹಾಕಬೇಕಿಲ್ಲ. 1983ರಲ್ಲೇ ಸ್ವೀಡನ್‌ನ ವಿಜ್ಞಾನಿಗಳು ಈ ವಿಧಾನವನ್ನು ಬಯೋಸೆನ್ಸರ್ ಆಗಿ ಬಳಸಿ ತೋರಿಸಿದ್ದರು.

ಹೊಸ ವೈರಸ್ ಬಂದರೆ?

ತೊಡಕು ಇರುವುದು ಇಲ್ಲೇ. ಗಾಳಕ್ಕೆ ಯಾವ ಎರೆ ಸಿಕ್ಕಿಸಬೇಕೆಂದು ತಿಳಿಯಲು ಮೀನು ಯಾವುದೆಂದು ಗೊತ್ತಿರಬೇಕು. ಹಿಂದೆಂದೂ ಕಾಣದ ರೋಗಾಣುವಿಗೆ ಪ್ರತಿಕಾಯ ಸಿದ್ಧವಿರುವುದಿಲ್ಲ.

ಕೋವಿಡ್ ಸಮಯದಲ್ಲಿ ಒಂದು ದಾರಿ ಕಂಡಿತು. 2020ರ ಜನವರಿಯಲ್ಲಿ ವೈರಸ್‌ನ ಜೀನೋಮ್ ವಿವರ ಬಹಿರಂಗವಾಯಿತು. ಏಪ್ರಿಲ್ ವೇಳೆಗೆ ಸ್ವಿಟ್ಜರ್ಲೆಂಡ್‌ನ ಎಂಪಾ ಮತ್ತು ಇಟಿಎಚ್ ಜ್ಯೂರಿಕ್‌ನ ಸಂಶೋಧಕರು ಪ್ರತಿಕಾಯದ ಬದಲು ಆ ವೈರಸ್‌ಗೆ ಹೊಂದುವ ಡಿಎನ್‌ಎ ಎಳೆಗಳನ್ನು ಚಿನ್ನದ ಕಣಗಳಿಗೆ ಅಂಟಿಸಿದ ಸೆನ್ಸರ್ ಪ್ರಕಟಿಸಿದರು. ಅದರಲ್ಲಿ ಬೆಳಕಿನಿಂದಲೇ ಕಣಗಳನ್ನು ಬಿಸಿ ಮಾಡಿ, 2003ರ ಸಾರ್ಸ್ ವೈರಸ್‌ನಂಥ ಹತ್ತಿರದ ಸಂಬಂಧಿ ತಪ್ಪಾಗಿ ಅಂಟಿಕೊಳ್ಳದಂತೆ ನೋಡಿಕೊಳ್ಳಲಾಗಿತ್ತು.

ಎರೆಯೇ ಬೇಡದ ಇನ್ನೊಂದು ದಾರಿಯೂ ಇದೆ, ಅದು ಸಿ.ವಿ. ರಾಮನ್ 1928ರಲ್ಲಿ ಕಂಡುಹಿಡಿದ ರಾಮನ್ ಪರಿಣಾಮ. ಲೇಸರ್ ಬೆಳಕು ಒಂದೊಂದು ಬಗೆಯ ಅಣುವಿನಿಂದ ಒಂದೊಂದು ರೀತಿ ಚದುರುತ್ತದೆ, ಬೆರಳಚ್ಚಿನಂತೆ. ಪಟ್ಟಿಯಲ್ಲಿಲ್ಲದ ಬೆರಳಚ್ಚು ಸಿಕ್ಕರೆ ಹೆಸರು ತಿಳಿಯದಿದ್ದರೂ 'ಇದು ಪರಿಚಿತ ರೋಗಾಣುವಲ್ಲ' ಎಂಬ ಸುಳಿವಾದರೂ ಸಿಗುತ್ತದೆ. ಆದರೆ ರಕ್ತ, ಕಫದಲ್ಲಿ ಪ್ರೋಟೀನ್, ಜೀವಕೋಶ ಎಲ್ಲವೂ ಬೆರೆತಿರುವುದರಿಂದ ಆ ಸುಳಿವನ್ನು ಬೇರ್ಪಡಿಸುವುದು ಕಷ್ಟ.

ಹೀಗಾಗಿ ಬಯೋಸೆನ್ಸರ್ ಫಲಿತಾಂಶ ಬಂದರೂ ಆರ್‌ಟಿ-ಪಿಸಿಆರ್ ಅಥವಾ ಜೀನೋಮ್ ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಲೇಬೇಕು. ಅಷ್ಟರೊಳಗೆ ರೋಗಿಯನ್ನು ಪ್ರತ್ಯೇಕ ವಾರ್ಡ್‌ಗೆ ಸ್ಥಳಾಂತರಿಸಲು, ವೈದ್ಯರು-ನರ್ಸ್‌ಗಳು ಮಾಸ್ಕ್, ಗ್ಲೌಸ್ ಹಾಕಿಕೊಳ್ಳಲು ಮೊದಲ ಎಚ್ಚರಿಕೆ ಸಿಕ್ಕಿರುತ್ತದೆ.